ಮಣ್ಣು ಹನ್ನೊಂದು ಗಂಟೆಗೆ

ಚಿತ್ರದಕ್ಕ ಇಪ್ಪತ್ತು ವರ್ಷಗಳಿಂದ ಗೋಡೆಗಳ ಮೇಲೆ ಮಣ್ಣಿನಲ್ಲೇ ಕೆರೆ ಬರೆಯುತ್ತಿದ್ದಳು. ಯಾವ ಕೆರೆಯ ಚಿತ್ರವೋ ಅದೇ ಕೆರೆಯ ಮಣ್ಣು. ಜನ ನೋಡಲಿ, ಕೆರೆ ಉಳಿಸಲಿ ಎಂದು. ಜನ ನೋಡಿದರು, ಮುಂದೆ ನಿಂತು ಫೋಟೋ ತೆಗೆಸಿಕೊಂಡರು, ಮನೆಗೆ ಹೋಗಿ ಕಸ ತಂದು ಕೆರೆಗೇ ಸುರಿದರು. ಅವಳಿಗೆ ಸಾಕುಸಾಕಾಗಿತ್ತು. ಏಣಿ ಕಂಡರೆ ಮೊಣಕಾಲೇ ಮುನಿಸಿಕೊಳ್ಳುತ್ತಿತ್ತು.

ಈ ಸಲದ್ದು ಆಸ್ಪತ್ರೆಯ ಗೋಡೆ. ಅಂದೇ ಸಂಜೆ ನಾಲ್ಕಕ್ಕೆ ಉದ್ಘಾಟನೆ. ನೀರು ಬರೆಯುವ ಬೂದು ಜೇಡಿಮಣ್ಣೊಂದು ಮುಗಿದುಹೋಗಿತ್ತು. ಕೆರೆಯ ಮೂರು ದಂಡೆಗಳ ಮೇಲೆ ಕಾರ್ಖಾನೆಯ ಬೂದಿ ಬಿದ್ದು, ಆ ಮಣ್ಣು ಉಳಿದದ್ದು ನಾಲ್ಕನೇ ದಂಡೆಯಲ್ಲಿದ್ದ ಮಣ್ಣಜ್ಜನ ತುಂಡು ನೆಲದಲ್ಲಿ ಮಾತ್ರ. ಮೊದಲಿನಿಂದಲೂ ಅವಳಿಗೆ ಈ ಕೆರೆಯ ಮಣ್ಣು ಕಳಿಸುತ್ತಿದ್ದ, ಹಿಂದೆ ಹೆಂಚು ಮಾಡುತ್ತಿದ್ದ ಆ ಮುದುಕ, ಇವತ್ತು ಕಳಿಸ್ತೀನಿ, ನಾಳೆ ಕಳಿಸ್ತೀನಿ ಎಂದು ಫೋನಿನಲ್ಲಿ ಕೆಮ್ಮುತ್ತಾ ವಾರದಿಂದ ಸತಾಯಿಸಿದ್ದ.

ಬೆಳಿಗ್ಗೆ ಅವನ ಮಗಳ ಫೋನು ಬಂತು. ಹಿಂದೆ ಏನೋ ಗದ್ದಲ.

"ಅಕ್ಕಾ, ಅಪ್ಪಂದು ಮಣ್ಣು ಹನ್ನೊಂದು ಗಂಟೆಗೆ."

"ಸರಿ ಕಣಮ್ಮ," ಎಂದಳು ಚಿತ್ರದಕ್ಕ ಏಣಿಯ ಮೇಲಿಂದಲೇ. "ಜರಡಿ ಹಿಡಿದು ಹಾಕ್ಸು. ಹೋದ ಸಲ ಬರೀ ಕಲ್ಲಿತ್ತು."

ಆ ಕಡೆಯಿಂದ ಮಗಳೆಂದಳು, "ಆಯ್ತಕ್ಕ."

ಹನ್ನೊಂದಾಯಿತು, ಹನ್ನೆರಡಾಯಿತು, ಮಣ್ಣಿನ ಸುಳಿವಿಲ್ಲ. ಮುದುಕನಿಗೆ ಮನಸ್ಸಿನಲ್ಲೇ ಮಂಗಳಾರತಿ ಎತ್ತುತ್ತಾ ಖಾಲಿ ಚೀಲ ಹಿಡಿದು ಬಸ್ಸು ಹತ್ತಿದಳು.

ಕೆರೆ ದಂಡೆಯಲ್ಲಿ, ಮಣ್ಣಜ್ಜನ ನೆಲದ ಮೇಲೆ, ಹೊಸ ಗುಡ್ಡೆ. ಬಂದವರು ಕೈಕಾಲು ತೊಳೆದು ಹೊರಡುತ್ತಿದ್ದರು. ಹನ್ನೊಂದು ಗಂಟೆಗೆ ಯಾವ ಮಣ್ಣು ಎಂಬುದು ಆಗ ತಿಳಿಯಿತು. ಸತ್ತವರನ್ನು ಮಣ್ಣು ಮಾಡುವುದಕ್ಕೂ ಅದೇ ಮಾತೆಂಬುದು ಮಣ್ಣಲ್ಲೇ ಬದುಕಿದವಳಿಗೆ ಹೊಳೆದಿರಲಿಲ್ಲ. ನಾಚಿಕೆಯಿಂದ ಅವಳು ದೂರದಲ್ಲೇ ನಿಂತಳು.

ಮಗಳೇ ಬಂದು ಕೈ ಹಿಡಿದಳು. "ನೀವು ಹೇಳಿದ ಹಾಗೇ ಜರಡಿ ಹಿಡಿಸಿದೆ ಅಕ್ಕ. ತಡ ಆಯ್ತು ಅಂತ ಜನ ಗೊಣಗಿದ್ರು, ಗೊಣಗಲಿ ಅಂದೆ. ಹೋದ ವರ್ಷ ಅಮ್ಮನ ಮೇಲೆ ಕಲ್ಲುಕಲ್ಲೇ ಹಾಕಿಬಿಟ್ಟಿದ್ವಿ. ಅದನ್ನ ನೆನಪಿಟ್ಟಿದ್ದೋರು ನೀವೊಬ್ರೇ."

ನಾನು ಗೋಡೆಯ ಮಣ್ಣು ಅಂದ್ಕೊಂಡೆ ಎನ್ನಲು ಹೋದ ಚಿತ್ರದಕ್ಕ ಬರೀ ತಲೆಯಾಡಿಸಿದಳು.

ಮಗಳ ಕಣ್ಣು ಅವಳ ಕೈಯ ಖಾಲಿ ಚೀಲದ ಮೇಲೆ ಬಿತ್ತು. ಬಹಳ ಹೊತ್ತು ಅಲ್ಲೇ ಇತ್ತು. ಹಿಡಿದ ಕೈಯನ್ನು ಮೆಲ್ಲಗೆ ಬಿಟ್ಟಳು.

"ಜರಡಿ ಹಿಡಿದಿದ್ದು ಸ್ವಲ್ಪ ಉಳಿದಿದೆ," ಎಂದಳು ಕೊನೆಗೆ. "ತಗೊಂಡು ಹೋಗ್ತೀರಾ?"

ಗಂಟೆ ಒಂದೂವರೆ. ಬೇಡವೆನ್ನಲು ಬಾಯಿ ತೆರೆದ ಚಿತ್ರದಕ್ಕ, ಚೀಲದ ಬಾಯಿ ತೆರೆದು ಹಿಡಿದಳು.