ಮುಚ್ಚಳದ ಭಾರ

೨೦೧೯ರ ಮಾರ್ಚ್ ೧೬, ಶನಿವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ಡೆಲ್ಬರ್ಟ್ ಓರ್ಸಾಕ್ ತನ್ನ ಟ್ರೇಲರನ್ನು ನನ್ನ ಅಣ್ಣನ ಮನೆಯ ಹಿತ್ತಲಿಗೆ ಹಿಮ್ಮುಖವಾಗಿ ತಂದು ನಿಲ್ಲಿಸಿದ. ಅದರ ಮೇಲೆ ನಾಲ್ಕು ಸರಪಳಿಗಳಲ್ಲಿ ಬಿಗಿದ, ಮಾಂಸವನ್ನು ಹೊಗೆಯಲ್ಲಿ ಬೇಯಿಸುವ ಹೊಗೆಯೊಲೆ ಇತ್ತು. ಹಳೆಯ ಗ್ಯಾಸ್ ಟ್ಯಾಂಕನ್ನು ಅಡ್ಡ ಮಲಗಿಸಿ, ಹೊಟ್ಟೆ ಸೀಳಿ ಮುಚ್ಚಳ ಮಾಡಿ, ಎಡತುದಿಗೆ ಸೌದೆ ಉರಿಸುವ ಪೆಟ್ಟಿಗೆಯನ್ನೂ ಬಲತುದಿಗೆ ಚಿಮಣಿಯನ್ನೂ ಬೆಸೆದಿದ್ದ. ಬರುವ ದಾರಿಯಲ್ಲಿ ಜೋಳದ ಗೋದಾಮಿನಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಹತ್ತಿಸಿ ತೂಗಿಸಿಕೊಂಡು ಬಂದಿದ್ದ. ಒಲೆಯೊಂದರದೇ ಸಾವಿರದ ನೂರ ನಲವತ್ತು ಪೌಂಡು.

ಟೆಕ್ಸಸ್‌ನ ನಮ್ಮ ಭಾಗದಲ್ಲಿ ಹಿತ್ತಲಿಗೊಂದು ಹೊಗೆಯೊಲೆ ಬರುವುದು ಸುದ್ದಿಯಲ್ಲ. ಆದರೆ ಇದನ್ನು ಯಾರಿಗಾಗಿ ಮಾಡಿಸಿದ್ದೆನೋ ಆ ಮನುಷ್ಯ ಹನ್ನೊಂದು ತಿಂಗಳಿಂದ ಹಿತ್ತಲಿಗೆ ಕಾಲಿಟ್ಟಿರಲಿಲ್ಲ.

ಅಣ್ಣ ಎರ್ವಿನ್‌ಗೆ ಅರವತ್ತೊಂಬತ್ತು. ಹಿಂದಿನ ಏಪ್ರಿಲ್‌ನಲ್ಲಿ ಲಕ್ವ ಹೊಡೆದು ಬಲಗೈ, ಬಲಗಾಲು ಸೋತವು. ಕಾಲು ಊರುಗೋಲಿನ ಮಟ್ಟಿಗೆ ಮರಳಿತು. ಕೈ ಅಷ್ಟು ಮರಳಲಿಲ್ಲ. ಎಡಗೈ ಗಟ್ಟಿಯಾಗಿಯೇ ಇತ್ತು, ಆದರೆ ಏನನ್ನಾದರೂ ಹಿಡಿದುಕೊಳ್ಳದೆ ಅವನು ನಿಲ್ಲಲಾರ. ಹಾಗಾಗಿ ಎಡಗೈಗೆ ಅದೊಂದೇ ಕೆಲಸ. ಆಸ್ಪತ್ರೆಯಿಂದ ಬಂದ ವಾರವೇ ಹಳೆಯ ಒಲೆಯನ್ನು ಗುಜರಿಗೆ ಹಾಕಿಸಿದ. ಚೂರಿಗಳನ್ನು ಕಾಗದದಲ್ಲಿ ಸುತ್ತಿ ಚರ್ಚಿನ ಅಡುಗೆಮನೆಗೆ ಕಳಿಸಿದ. ಆಮೇಲೆ ಟಿವಿಯ ಮುಂದೆ ಕುಳಿತ.

ಅಪ್ಪ ತೀರಿಕೊಂಡಾಗ ನನಗೆ ಹದಿನೈದು, ಎರ್ವಿನ್‌ಗೆ ಇಪ್ಪತ್ನಾಲ್ಕು. ಅವನು ವಾರವಿಡೀ ಹತ್ತಿ ಜಿನ್ನಿಂಗ್ ಗಿರಣಿಯಲ್ಲಿ ದುಡಿದು, ಶನಿವಾರ ದನದ ಎದೆಮಾಂಸವನ್ನು ಓಕ್ ಹೊಗೆಯಲ್ಲಿ ಬೇಯಿಸಿ ಮೇವಿನ ಅಂಗಡಿಯ ಮುಂದೆ ಮಾರುತ್ತಿದ್ದ. ನನ್ನ ಕಾಲೇಜಿನ ನಾಲ್ಕು ವರ್ಷ, ರಸಾಯನಶಾಸ್ತ್ರದ ದಪ್ಪ ಪುಸ್ತಕಗಳು, ಹಾಸ್ಟೆಲಿನ ಊಟ, ಎಲ್ಲವೂ ಆ ಶನಿವಾರಗಳಿಂದ ಬಂದವು. ಅವನು ಅದನ್ನು ಒಮ್ಮೆಯೂ ಆಡಿ ತೋರಿಸಲಿಲ್ಲ. ನಾನೂ ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ನಮ್ಮ ಮನೆಯಲ್ಲಿ ಇಂಥದ್ದನ್ನೆಲ್ಲ ಮಾಂಸದ ಇನ್ನೊಂದು ತುಂಡು ಬಡಿಸಿ ಹೇಳುವುದು ರೂಢಿ.

ಶಾಲೆಯಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೆ ನನಗೆ ಬರುವ ವಿದ್ಯೆ ಒಂದೇ: ಅಳೆಯುವುದು. ಅತ್ತಿಗೆ ಡೋರಿಸ್ ಅವನನ್ನು ವ್ಯಾಯಾಮಕ್ಕೆ ಕರೆದೊಯ್ಯುತ್ತಿದ್ದಳು. ಅಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ಅವನ ಬಲಗೈಯ ಶಕ್ತಿ ಎಂದು ಬರೆದುಕೊಟ್ಟ ಅಂಕಿ ಆರು ಪೌಂಡು. ಅದಕ್ಕಿಂತ ಹೆಚ್ಚು ಎತ್ತಲಾರ. ಆ ಅಂಕಿ ಹಿಡಿದುಕೊಂಡು ಡೆಲ್ಬರ್ಟನ ಶೆಡ್ಡಿಗೆ ಹೋದೆ. ಅವನು ಎರ್ವಿನ್ ಜೊತೆ ಓದಿದವನು, ನಲವತ್ತು ವರ್ಷದಿಂದ ಹೊಗೆಯೊಲೆಗಳನ್ನೇ ಬೆಸೆಯುತ್ತಿರುವವನು.

"ಕಾಲಿಂಚು ದಪ್ಪದ ಉಕ್ಕು. ಮುಚ್ಚಳನೇ ನೂರು ಪೌಂಡ್ ದಾಟುತ್ತೆ," ಎಂದಿದ್ದ. "ಆರು ಪೌಂಡಲ್ಲಿ ಅದನ್ನ ತೆಗೀಬೇಕಂದ್ರೆ ತಗಡಿನ ಡಬ್ಬ ಕೊಂಡ್ಕೋ."

"ಹಿಂದುಗಡೆ ತೂಕ ಕಟ್ಟು."

"ಕಟ್ಟೋಣ. ಲೆಕ್ಕ ನೀನು ಹಾಕು, ಟೀಚರಮ್ಮ. ತಪ್ಪಾದ್ರೆ ಬೆಸುಗೆಯವನ ತಪ್ಪು ಅನ್ನಬೇಡ."

ಲೆಕ್ಕ ಹಾಕಿದೆ. ಮುಚ್ಚಳದ ಹಿಂದೆ ಎರಡು ತೋಳು, ಅವುಗಳ ತುದಿಗೆ ಉಕ್ಕಿನ ದಿಮ್ಮಿ. ಮುಂಭಾಗದಲ್ಲಿ ಸೊಂಟದೆತ್ತರಕ್ಕೆ ಎಡಗೈ ಹಿಡಿಯಲು ಒಂದು ಕಂಬಿ. ಕೊನೆಗೆ ಶೆಡ್ಡಿನಲ್ಲಿ ಕೊಂಡಿ ತಕ್ಕಡಿ ಸಿಕ್ಕಿಸಿ ಎಳೆದಾಗ ಮುಚ್ಚಳ ಐದು ಪೌಂಡಿಗೆ ಮೇಲೆದ್ದಿತು. ಅರ್ಧ ಏರಿದರೆ ಸಾಕು, ಉಳಿದದ್ದನ್ನು ದಿಮ್ಮಿಯೇ ಎಳೆದುಕೊಳ್ಳುತ್ತಿತ್ತು. ಆ ದಿನ ನಾನು ಮನೆಗೆ ಹಾಡಿಕೊಂಡು ಹೋದೆ.

ನಮ್ಮ ಕಪ್ಪು ಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದರ ಮೇಲೆ ಇಂಥ ಭಾರ ಇಟ್ಟರೆ ಒಂದೇ ವರ್ಷದಲ್ಲಿ ವಾಲುತ್ತದೆ. ಅದಕ್ಕೆಂದು ಫೆಬ್ರವರಿಯಲ್ಲೇ ಆರಿಂಚು ದಪ್ಪದ ಕಾಂಕ್ರೀಟು ಹಾಕಿಸಿ, ಇಪ್ಪತ್ತೆಂಟು ದಿನ ಬಲಿಯಲು ಬಿಟ್ಟಿದ್ದೆ. ಎರ್ವಿನ್ ಅದನ್ನು ಕಿಟಕಿಯಿಂದ ನೋಡಿ ಡೋರಿಸಳನ್ನು ಕೇಳಿದ್ದನಂತೆ: "ಏನು, ಹೆಲಿಕಾಪ್ಟರ್ ಇಳಿಯುತ್ತಾ?" ಒಲೆಯ ವಿಷಯ ಹೇಳಿದಾಗ ಮಾತ್ರ ಟಿವಿಯ ಸದ್ದು ಏರಿಸಿದನಂತೆ.

ನನ್ನ ಹೆದರಿಕೆಯೂ ಅದೇ ಆಗಿತ್ತು. ಅವನು ಮುಟ್ಟದೇ ಹೋದರೆ, ಇನ್ನು ಆಗದ್ದೆಂದು ಅವನು ಗುಜರಿಗೆ ಹಾಕಿದ್ದನ್ನೇ ಮತ್ತೆ ಅವನ ಕಿಟಕಿಯ ಎದುರು ತಂದು ನಿಲ್ಲಿಸಿದಂತಾಗುತ್ತಿತ್ತು.

ಟ್ರೇಲರಿನ ಹಲಗೆ ಇಳಿಬಿಟ್ಟು, ಒಲೆಯ ಕೆಳಗೆ ಮೂರು ಪೈಪು ತೂರಿಸಿ, ಭಾರ ಎಳೆಯುವ ವಿಂಚಿನ ತಂತಿ ಸಡಿಲಿಸುತ್ತ ಇಂಚಿಂಚಾಗಿ ಉರುಳಿಸಿದೆವು. ಹಿಂದೆ ಬಿಟ್ಟುಬಂದ ಪೈಪನ್ನು ಮತ್ತೆ ಮುಂದಕ್ಕೆ ತಂದಿಡುವ ಕೆಲಸ ನನ್ನದು. ಜಾಗಕ್ಕೆ ಬಂದ ಮೇಲೆ ರಸಮಟ್ಟ ಇಟ್ಟು ನೋಡಿದೆ. ಕೊಬ್ಬು ಹರಿದುಹೋಗಲು ಬಲಕ್ಕೆ ಕಾಲಿಂಚು ಇಳಿಜಾರು, ಬೇಕಾದಷ್ಟೇ ಇತ್ತು.

ಹಿಂಬಾಗಿಲ ಜಾಲರಿಯ ಆಚೆಯಿಂದ ದನಿ ಕೇಳಿಸಿತು. ನಾಲಗೆ ಇನ್ನೂ ಸ್ವಲ್ಪ ತೊಡರುತ್ತಿತ್ತು.

"ಡೆಲ್ಬರ್ಟ್, ಯಾವ ನೌಕಾಪಡೆಯಿಂದ ಕದ್ದೆಯೋ ಆ ಜಲಾಂತರ್ಗಾಮಿನ?"

"ಬದುಕಿದ್ದೀಯೇನೋ? ಬಂದು ನೋಡು, ಟಿಕೆಟ್ ಇಲ್ಲ."

"ಇಲ್ಲಿಂದಲೇ ಕಾಣುತ್ತೆ."

ಅವನು ಹೊರಗೆ ಬರಲಿಲ್ಲ. ಆದರೆ ಟಿವಿ ಆರಿತ್ತು.

ಒಂಬತ್ತು ಗಂಟೆಗೆ ಡೆಲ್ಬರ್ಟ್ ಪೆಟ್ಟಿಗೆಯಲ್ಲಿ ಓಕ್ ಸೌದೆ ಹೊತ್ತಿಸಿದ. ಹೊಸ ಒಲೆಯಲ್ಲಿ ಮೊದಲ ದಿನವೇ ಮಾಂಸ ಇಡುವುದಿಲ್ಲ. ಯಾವ ತುದಿ ಎಷ್ಟು ಕಾಯುತ್ತದೆಂದು ಮೊದಲು ತಿಳಿಯಬೇಕು. ನಾನು ಆರು ಉಷ್ಣಮಾಪಕ ತಂದಿದ್ದೆ. ಡೆಲ್ಬರ್ಟ್ ಅವುಗಳತ್ತ ನೋಡಲೂ ಇಲ್ಲ. ಡೋರಿಸ್ ಅತ್ತಿಗೆ ಮಜ್ಜಿಗೆ ಹಾಕಿ ಕಲಸಿದ, ಬನ್ನಿನಂತೆ ಮೆತ್ತಗಾಗುವ ನಮ್ಮ ಕಡೆಯ ಬಿಸ್ಕಿಟ್ಟಿನ ಹಿಟ್ಟು ತಂದಳು. ಡೆಲ್ಬರ್ಟ್ ಇಪ್ಪತ್ನಾಲ್ಕು ಉಂಡೆಗಳನ್ನು ತುದಿಯಿಂದ ತುದಿಗೆ ಸಾಲಾಗಿ ಇಟ್ಟು, ಮುಚ್ಚಳ ಹಾಕಿದ.

"ಕಪ್ಪಾದದ್ದು ಎಲ್ಲಿ, ಬಿಳಿಯಾಗಿ ಉಳಿದದ್ದು ಎಲ್ಲಿ, ಅಷ್ಟು ನೋಡಿದ್ರೆ ಸಾಕು," ಎಂದ. "ನಿನ್ನ ಮಾಪಕಗಳನ್ನ ತಿನ್ನೋಕಾಗುತ್ತಾ?"

"ಹದಿನೆಂಟು ನಿಮಿಷ ಬೇಕು," ಎಂದೆ, ಅವನ ಪಕ್ಕ ಕುಳಿತು ಗಡಿಯಾರ ನೋಡುತ್ತ.

ಹನ್ನೆರಡನೆಯ ನಿಮಿಷಕ್ಕೆ ಜಾಲರಿ ಬಾಗಿಲು ಕಿರುಗುಟ್ಟಿತು. ನಾನು ತಿರುಗಲಿಲ್ಲ. ಮೆಟ್ಟಿಲು ಮೂರು. ಪ್ರತಿ ಮೆಟ್ಟಿಲಿಗೂ ಮೊದಲು ಊರುಗೋಲಿನ ಸದ್ದು, ಆಮೇಲೆ ಪಾದದ್ದು. ಡೋರಿಸ್ ಅತ್ತಿಗೆ ಕೈಯಲ್ಲಿದ್ದ ಬಟ್ಟಲನ್ನು ಎದೆಗೊತ್ತಿಕೊಂಡು ನಿಂತುಬಿಟ್ಟಳು.

"ಸುಡ್ತಿದೆ," ಎಂದ ಎರ್ವಿನ್.

"ಇನ್ನೂ ಆರು ನಿಮಿಷ ಇದೆ, ಅಣ್ಣ."

"ಸುಡ್ತಿದೆ ಅಂದ್ನಲ್ಲ. ಎಡತುದೀಲಿ. ನಿಂಗೆ ಮೂಗಿಲ್ವಾ ಪುಟ್ಟಿ?"

ಅರವತ್ತರ ನನ್ನನ್ನು ಪುಟ್ಟಿ ಎಂದು ಕರೆಯಲು ಉಳಿದಿರುವವನು ಅವನೊಬ್ಬನೇ. ಲಕ್ವ ಹೊಡೆದಾಗಿನಿಂದ ಕರೆದಿರಲಿಲ್ಲ. ಮುಚ್ಚಳ ತೆಗೆಯಲು ನಾನು ಏಳಹೊರಟೆ. ಡೆಲ್ಬರ್ಟ್ ನನ್ನತ್ತ ನೋಡದೆಯೇ ನನ್ನ ತೋಳು ಹಿಡಿದು ಕೂರಿಸಿದ.

"ನನ್ನ ಮಂಡಿ ನೋಯ್ತಿದೆ," ಎಂದು ಎರ್ವಿನ್‌ಗೆ ಹೇಳಿದ. "ಟೀಚರಮ್ಮನಿಗೆ ಗಡಿಯಾರ ಬಿಡೋಕಾಗಲ್ಲ. ಸುಟ್ಟರೆ ಸುಡಲಿ ಬಿಡು."

"ನನ್ನ ಹೆಂಡ್ತಿ ಕಲಸಿದ ಹಿಟ್ಟದು, ಬಿಡು ಅನ್ನೋಕೆ ನೀನ್ಯಾರೋ ಸೋಮಾರಿ."

ಅವನು ಕಾಂಕ್ರೀಟಿನ ಮೇಲೆ ಬಂದ. ಊರುಗೋಲನ್ನು ಒಲೆಗೆ ಒರಗಿಸಿ ಎಡಗೈಯಲ್ಲಿ ಕಂಬಿ ಹಿಡಿದ. ಬಲಗೈ ಬೆರಳುಗಳು ಹಿಡಿಕೆಯನ್ನು ಸುತ್ತಲಿಲ್ಲ. ಮಣಿಕಟ್ಟನ್ನೇ ಅದರ ಕೆಳಗೆ ತೂರಿಸಿ ಎತ್ತಿದ. ಮುಚ್ಚಳ ಅಲುಗಲಿಲ್ಲ. ಐದು ಪೌಂಡು, ನಾನೇ ಅಳೆದಿದ್ದೆ. ಅವನು ಕಾಲು ಸ್ವಲ್ಪ ಅಗಲಿಸಿ, ಭುಜ ತಗ್ಗಿಸಿ, ಮೊದಲು ಮೂಟೆ ಎತ್ತುವಾಗ ಮಾಡುತ್ತಿದ್ದಂತೆ ಮೂಗಿನಲ್ಲಿ ಉಸಿರು ಬಿಟ್ಟು ಮತ್ತೆ ಎತ್ತಿದ. ಮುಚ್ಚಳ ಕಿತ್ತುಕೊಂಡು ಎದ್ದಿತು, ಅರ್ಧಕ್ಕೆ ಏರಿತು, ಉಳಿದದ್ದನ್ನು ದಿಮ್ಮಿ ಎಳೆದುಕೊಂಡಿತು.

ಎಡತುದಿಯಲ್ಲಿ ಐದು ಉಂಡೆ ಇದ್ದಿಲಾಗಿದ್ದವು. ಉಳಿದವು ಹೊಂಬಣ್ಣ.

"ಬೆಂಕಿ ಬಾಯಿಗೆ ಅಡ್ಡ ಒಂದು ತಗಡು ಬೇಕು, ಗೇಣಗಲ," ಎಂದ ಎರ್ವಿನ್, ಹೊಗೆಗೆ ಕಣ್ಣು ಕಿರಿದಾಗಿಸಿ. "ಬರೋ ಶನಿವಾರದೊಳಗೆ ತಾ, ಡೆಲ್ಬರ್ಟ್. ಡೋರಿಸ್, ಚರ್ಚಿನವರು ನನ್ನ ಚೂರಿಗಳಲ್ಲಿ ಈರುಳ್ಳಿ ಹೆಚ್ಚಿ ಹಾಳು ಮಾಡಿರ್ತಾರೆ. ಫೋನ್ ಮಾಡು."

ಅತ್ತಿಗೆ ತಲೆಯಾಡಿಸಿ ಒಳಗೆ ಹೋದಳು. ಫೋನ್ ಮಾಡಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಜಾಲರಿಯ ಆಚೆ ಅವಳು ಮುಖ ಒರೆಸಿಕೊಳ್ಳುವುದು ಕಾಣುತ್ತಿತ್ತು.

ನಾನು ಅವನ ಪಕ್ಕಕ್ಕೆ ಹೋಗಿ ನಿಂತೆ. "ಅಣ್ಣ, ಆ ಶನಿವಾರಗಳು..." ಎಂದು ತೊಡಗಿದೆ. ನಲವತ್ತು ವರ್ಷ ಹಳೆಯ ಮಾತು, ಎಲ್ಲಿಂದ ಹಿಡಿಯಬೇಕೋ ತಿಳಿಯಲಿಲ್ಲ.

ಅವನು ಎಡಗೈಯನ್ನು ಕಂಬಿಯಿಂದ ಒಂದು ಕ್ಷಣ ತೆಗೆದು, ಬಿಸಿ ಬಿಸ್ಕಿಟ್ಟೊಂದನ್ನು ನನ್ನ ಅಂಗೈಗೆ ಹಾಕಿ, ಮತ್ತೆ ಕಂಬಿ ಹಿಡಿದ. "ತಿನ್ನು. ಆರೋಗುತ್ತೆ."

ತಿಂದೆ. ಓಕ್ ಹೊಗೆಯ ರುಚಿ ಇತ್ತು.

ಮುಚ್ಚಳ ಮೊದಲ ಸಲ ಏಕೆ ಏಳಲಿಲ್ಲವೆಂಬುದು ನನ್ನನ್ನು ಬಿಡಲಿಲ್ಲ. ಅದನ್ನು ಇಳಿಸಿ, ಹಿಡಿಕೆಗೆ ಕೊಂಡಿ ತಕ್ಕಡಿ ಸಿಕ್ಕಿಸಿ ಎಳೆದೆ. ಮೂರು ಸಲ ಎಳೆದೆ, ಮೂರು ಸಲವೂ ಒಂದೇ ಅಂಕಿ. ಉಕ್ಕು ಕಾದು ಹಿಗ್ಗಿತ್ತು. ಕೀಲು ಬಿಗಿದಿತ್ತು, ಮುಚ್ಚಳದ ಅಂಚು ಕಚ್ಚಿಕೊಂಡಿತ್ತು. ಲೋಹ ಬಿಸಿಗೆ ಹಿಗ್ಗುತ್ತದೆಂದು ಮೂವತ್ತೊಂದು ವರ್ಷ ಮಕ್ಕಳಿಗೆ ಕಲಿಸಿದವಳು ನಾನು. ಒಲೆಯ ಮುಚ್ಚಳವನ್ನು ತಣ್ಣಗಿದ್ದಾಗ ಮಾತ್ರ ಅಳೆದಿದ್ದೆ.

"ಕೀಲು ಸಡಿಲ ಮಾಡ್ತೀನಿ, ಹಿಂದೆ ಇನ್ನೊಂದು ತುಂಡು ಬೆಸೀತೀನಿ," ಎಂದ ಡೆಲ್ಬರ್ಟ್.

"ಮುಟ್ಟಬೇಡ ಅದನ್ನ," ಎಂದ ಎರ್ವಿನ್. ಆಮೇಲೆ ನನ್ನ ಕಡೆ ತಿರುಗಿದ. "ಎಷ್ಟು ತೋರಿಸ್ತು ಪುಟ್ಟಿ?"

ತಕ್ಕಡಿಯನ್ನು ಅವನಿಗೆ ಕಾಣುವಂತೆ ಹಿಡಿದೆ. ಹನ್ನೊಂದು ಪೌಂಡು.