ಗುಂಡಿ ತೋಡಿದವರ ಕೈಗವಸು

ಮೂರನೆಯ ಗುಂಡುಸೂಜಿಯೂ ಬಗ್ಗಿತು, ರಸ್ಮಾ ಅದನ್ನು ಹಲ್ಲಲ್ಲಿ ಕಚ್ಚಿಕೊಂಡು ಇನ್ನೊಂದು ತೆಗೆದಳು, ಅಮ್ಮನ ಕೈಗವಸು ಸುಲಭಕ್ಕೆ ಚುಚ್ಚಿಸಿಕೊಳ್ಳುವ ಜಾತಿಯದಲ್ಲ, ಅಷ್ಟು ಬಿಗಿ ಹೆಣಿಗೆ, ನೀರು ಸುರಿದರೂ ಒಳಗೆ ಇಳಿಯಬಾರದು ಕಣೇ ಅನ್ನುತ್ತಾಳೆ ಈಗಲೂ — ಸಭಾಂಗಣದ ಹಿಂಬದಿಯ ಗೋಡೆಗೆ ಈ ಹಲಗೆ, ಮುಂದೆ ಒಂದು ನಲವತ್ತು ಬೆನ್ನುಗಳು, ವೇದಿಕೆಯ ಮೇಲೆ ಬಾಲ್ಟಿಕ್ ಜನಾಂಗಗಳ ಇತಿಹಾಸ ಮತ್ತು ಸಂಸ್ಕೃತಿ ಅಂತ ಬರೆದ ಬಟ್ಟೆ, ಎಡಗಡೆ ಸ್ವಲ್ಪ ಜೋತುಬಿದ್ದಿದೆ, ಯಾರಿಗೂ ಕಾಣುತ್ತಿಲ್ಲ, ಕಾಫಿಗೆ ಇನ್ನು ಇಪ್ಪತ್ತು ನಿಮಿಷ, ಅಷ್ಟರಲ್ಲಿ ಮ್ಯೂಸಿಯಂನ ಹನ್ನೆರಡು ಜೊತೆ ಕೈಗವಸೂ ಹಲಗೆಗೆ ಏರಬೇಕು, ಒಂದೊಂದರ ಕೆಳಗೂ ಹೆಣೆದವಳ ಹೆಸರಿನ ಚೀಟಿ, ಇದು ಏಳನೆಯದು, ಹೆರ್ಮೀನೆ, ಕುಲ್ದೀಗಾ, ಹೆಸರು ಊರು ಅಷ್ಟೇ ಬರೆದಿದ್ದಾಳೆ, ನನ್ನ ಅಮ್ಮ ಅಂತ ಬರೆಯಲು ಚೀಟಿಯಲ್ಲಿ ಜಾಗ ಎಲ್ಲಿ. ಬೆಳಿಗ್ಗೆ ಲಿಥುವೇನಿಯಾದ ವಿಲ್ನಿಯಸ್‌ನಿಂದ ಬಂದ ದಪ್ಪ ಪ್ರೊಫೆಸರು, ಅಳಿದುಹೋದ ಪ್ರಷ್ಯನ್ನರ ಬಗ್ಗೆ ಒಂದೂವರೆ ಗಂಟೆ ಮಾತಾಡಿದವರು, ಲಾತ್ವಿಯಾದ ತಮ್ಮಂದಿರೇ, ನಿಮ್ಮ ಬ್ರೆಡ್ಡಿಗೆ ಶಾಜೀರಿಗೆ ಸುರಿಯುವುದು ನೋಡಿದರೆ ಕಹಿ ಮರೆಸೋಕೆ ಅನಿಸುತ್ತೆ ಅಂದಿದ್ದಕ್ಕೆ ಕಾಫಿ ಹಂಚುವ ಮೈಗಾ, ಹೌದು ಅಣ್ಣಾ, ನಿಮ್ಮಂಥ ನೆಂಟರು ಬಂದಾಗ ಇನ್ನೊಂದು ಹಿಡಿ ಹಾಕ್ತೀವಿ ಅಂದುಬಿಟ್ಟಳು, ಎಲ್ಲರೂ ನಕ್ಕರು, ರಸ್ಮಾಳೂ ನಕ್ಕಳು, ಈಗ ವೇದಿಕೆಯ ಮೇಲೆ ದಗ್ನಿಯಾ ಅನ್ನುವ ಹುಡುಗಿ, ಪುರಾತತ್ತ್ವದವಳು, ನೆಲ ಅಗೆಯುವವಳು, ಉಗುರಲ್ಲಿ ಇನ್ನೂ ಮಣ್ಣು ಇದ್ದಂತಿದೆ, ಏನೋ ಜೌಗಿನ ಅಂಚಿನ ಗೋರಿ ಅನ್ನುತ್ತಿದ್ದಾಳೆ, ಜೌಗು ಮೂಳೆಯನ್ನು ತಿನ್ನುತ್ತದೆ, ಉಣ್ಣೆಯನ್ನು ಉಳಿಸುತ್ತದೆ — ಹೌದಲ್ಲ, ಎಂಥ ವಿಚಿತ್ರ, ಮನುಷ್ಯ ಹೋಗಿ ಬಟ್ಟೆ ಉಳಿಯುವುದು — ದೀಪ ಆರಿತು, ಪರದೆ ಬೆಳಗಿತು, ರಸ್ಮಾ ಸೂಜಿ ಹಿಡಿದ ಕೈಯಲ್ಲೇ ತಿರುಗಿ ನೋಡಿದಳು, ಎರಡು ಕೈಗವಸು, ಕಡು ಚಹಾದಲ್ಲಿ ಅದ್ದಿ ತೆಗೆದಂತೆ ಕಂದು, ಒಂದರ ಮೇಲೊಂದು, ಹೆಬ್ಬೆರಳು ಒಳಕ್ಕೆ ಮಡಚಿಟ್ಟದ್ದು.

ಹಾಗೆ ಮಡಚುವವರು ಬಹಳ ಜನ ಇಲ್ಲ. ಹೆಬ್ಬೆರಳು ಹೊರಗೆ ಚಾಚಿದರೆ ಶಾಖ ಓಡಿಹೋಗುತ್ತೆ ಕಣೇ, ಒಳಕ್ಕೆ ಮಡಚು, ಮಗು ಮಲಗಿದ ಹಾಗೆ — ಇಲ್ಲ, ಅಮ್ಮನೊಬ್ಬಳೇ ಹಾಗೆ ಮಡಚುವವಳು ಅಂತ ಯಾರು ಹೇಳಿದರು, ಕುರ್ಜೆಮೆಯ ಇಡೀ ಕರಾವಳಿಯಲ್ಲಿ ಎಷ್ಟು ಮುದುಕಿಯರು — ಆದರೆ ದಗ್ನಿಯಾ ಬೆಳಕಿನ ಚುಕ್ಕೆಯನ್ನು ಎಡಗೈಯದರ ಮೇಲೆ ನಿಲ್ಲಿಸಿದಳು, ನೋಡಿ, ಇದು ಶಿಲುಬೆಗಳ ಸಾಲು, ಬಣ್ಣ ಹೋಗಿದೆ, ನಮೂನೆ ಇದೆ, ಕೊನೆಯ ಶಿಲುಬೆಗೆ ಒಂದು ತೋಳು ಇಲ್ಲ, ತಪ್ಪು ಅನ್ನೋಣವೆಂದರೆ ಉಳಿದ ಹೆಣಿಗೆಯಲ್ಲಿ ಒಂದು ಕಣ್ಣೂ ತಪ್ಪಿಲ್ಲ. ರಸ್ಮಾ ನಿಧಾನವಾಗಿ ಹಲಗೆಯ ಕಡೆ ತಿರುಗಿದಳು, ಹೆರ್ಮೀನೆ, ಕುಲ್ದೀಗಾ, ಎಡಗೈ, ಕೆಂಪು ಬಿಳಿ ಶಿಲುಬೆಗಳ ಸಾಲು, ಕೊನೆಯದಕ್ಕೆ ಒಂದು ತೋಳು ಇಲ್ಲ, ಪೂರ್ತಿ ಮಾಡಿದರೆ ದೇವರಿಗೆ ಮಾಡೋಕೆ ಏನು ಉಳಿಯುತ್ತೆ ಅಂತ ಎಂಟು ವರ್ಷದ ರಸ್ಮಾಳ ತಲೆಗೆ ಹೆಣಿಗೆ ಕಡ್ಡಿಯಲ್ಲಿ ಮೊಟಕಿ ಅಮ್ಮ ಕಲಿಸಿದ್ದು ಅದೇ, ಸೂಜಿ ಬೆರಳಿಗೆ ಹೊಕ್ಕಿತು, ನೋವೇ ಆಗಲಿಲ್ಲ. ಅಲ್ಲಿ ಹುಡುಗಿ ಹೇಳುತ್ತಿದ್ದಾಳೆ, ಸಮವಸ್ತ್ರದ ಬಟನ್ನುಗಳಿಂದ ಸೋವಿಯತ್ ಸೇನೆಯ ವಿರುದ್ಧ ಕಾಡು ಸೇರಿ ಹೋರಾಡಿದವರಲ್ಲಿ ಒಬ್ಬ ಅನ್ನಬಹುದು, ಪಕ್ಕದಲ್ಲಿದ್ದ ನಾಣ್ಯದಿಂದ ನಲವತ್ತಾರರ ಚಳಿಗಾಲ ಅನ್ನಬಹುದು, ಹೆಸರು ಇಲ್ಲ, ನಮಗೆ ಅರ್ಥವಾಗದ್ದು ಒಂದೇ, ಮದುವೆಯ ಕೈಗವಸಿಗೆ ಅಂಚಿನಲ್ಲಿ ಕುಚ್ಚು ಇರುತ್ತದೆ, ಇದಕ್ಕಿಲ್ಲ, ಇದು ಗುಂಡಿ ತೋಡಿದವರಿಗೆ ಸತ್ತವನ ಮನೆಯವರು ಕೊಡುವ ಜೊತೆ, ಅದು ಸತ್ತವನ ಎದೆಯ ಮೇಲೆ ಯಾಕೆ ಇತ್ತು?

ಯಾಕೆಂದರೆ ಬೇರೆ ಯಾರೂ ತೋಡಲಿಲ್ಲ. ಅಷ್ಟು ಸರಳ. ತೋಡಿದವಳೂ ಅಮ್ಮನೇ, ಕೊಡಬೇಕಾದವಳೂ ಅವಳೇ, ತನಗೆ ತಾನೇ ಹೇಗೆ ಕೊಡುವುದು, ಕೊಡದೆ ಹೇಗೆ ಇರುವುದು, ಇಟ್ಟಳು — ಅಮ್ಮನ ಬಲಗೈಯ ಎರಡು ಬೆರಳಿಗೆ ಉಗುರಿಲ್ಲ, ಬಾವಿಯ ಹಗ್ಗಕ್ಕೆ ಸಿಕ್ಕಿ ಹೋಯ್ತು ಆ ಚಳಿಗಾಲ ಅನ್ನುತ್ತಿದ್ದಳು, ಯಾವ ಚಳಿಗಾಲ ಅಂತ ರಸ್ಮಾ ಕೇಳಿರಲಿಲ್ಲ, ನಮ್ಮ ಬಾವಿಗೆ ಹಗ್ಗವೇ ಇರಲಿಲ್ಲವಲ್ಲ, ಉದ್ದ ಕೋಲಿನ ಕೊಕ್ಕೆ ಇತ್ತು, ದಿನಾ ನೀರು ಸೇದಿದವಳು ನಾನೇ, ಐವತ್ತೆಂಟು ವರ್ಷ ಕಣ್ಣೆದುರಿಗೆ ಇತ್ತು. ಮತ್ತೆ ಅಮ್ಮ ಹೇಳುತ್ತಿದ್ದ ಗೋಟ್ಲಾಂಡ್? ಯುದ್ಧ ಮುಗಿದ ವಾರ ಮೀನಿನ ದೋಣಿ ಹತ್ತಿ ಸ್ವೀಡನ್ನಿನ ಆ ದ್ವೀಪಕ್ಕೆ ಓಡಿದ ಅಪ್ಪ, ಫ್ರಿಟ್ಸಿಸ್, ಬಸುರಿ ಹೆಂಡತಿಯನ್ನು ದಡದಲ್ಲಿ ಬಿಟ್ಟವನು, ಪ್ರತಿ ಕ್ರಿಸ್‌ಮಸ್ಸಿಗೂ ಬೂದು ಬಟಾಣಿಯ ತಟ್ಟೆ ಮುಂದಿಟ್ಟುಕೊಂಡು ಅಮ್ಮ ಶುರುಮಾಡುತ್ತಿದ್ದಳು, ನಿಮ್ಮಪ್ಪ ಅಲ್ಲಿ ಹೊಸ ಹೆಂಡತಿ ಜೊತೆ ಹೆರಿಂಗ್ ಮೀನು ತಿಂತಿದ್ದಾನೆ, ನೀನು ಬಟಾಣಿ ತಿನ್ನು, ಒಂದು ಬಟಾಣಿ ಬಿಟ್ಟರೆ ವರ್ಷದಲ್ಲಿ ಒಂದು ಕಣ್ಣೀರು — ಅಷ್ಟು ಹೇಳಿ ತಾನು ಮಾತ್ರ ಒಂದು ಬಟಾಣಿ ಬಿಡುತ್ತಿದ್ದಳು. ಅಂಚೆಯವನು ಬಂದರೆ ಬೇಲಿಯ ಹತ್ತಿರ ನಿಂತು ಊರಿಗೆಲ್ಲ ಕೇಳುವಂತೆ, ಏನಪ್ಪಾ, ನನ್ನ ಗಂಡ ಮಹಾರಾಯ ಬರೆದನಾ? ಬೇಲಿಯಾಚೆಯ ಹೆಂಗಸರು ನಗುತ್ತಿದ್ದರು, ಅಮ್ಮ ನಗಿಸುತ್ತಿದ್ದಳು, ರಸ್ಮಾಳಿಗೆ ನಾಚಿಕೆ, ಶಾಲೆಯಲ್ಲಿ ಹೆರಿಂಗಿನ ಮಗಳು ಅಂತ ಹೆಸರು, ನಲವತ್ತೊಂಬತ್ತರ ಮಾರ್ಚಿನಲ್ಲಿ ಗಡೀಪಾರಿನ ರೈಲು ಬಂದಾಗ ಆ ಬೇಲಿಯಾಚೆಯ ಎರಡು ಮನೆ ಖಾಲಿಯಾದವು, ಮಕ್ಕಳೂ ಮುದುಕರೂ ಸೈಬೀರಿಯಾಕ್ಕೆ, ಇವರ ಬಾಗಿಲು ಯಾರೂ ತಟ್ಟಲಿಲ್ಲ — ಕಾಡಿನವನ ಹೆಂಡತಿ ಅಂದರೆ ರೈಲು, ಓಡಿಹೋದವನ ಹೆಂಡತಿ ಅಂದರೆ ಬರೀ ನಗು. ನಗುವನ್ನು ಆರಿಸಿಕೊಂಡಳು. ಮೂರು ವರ್ಷದ ಮಗುವನ್ನು ಆ ನಗುವಿನೊಳಗೆ ಸುತ್ತಿಟ್ಟಳು, ಹೆಬ್ಬೆರಳು ಒಳಕ್ಕೆ.

ಆದರೆ ಆಮೇಲೆ? ದೇಶ ಸ್ವತಂತ್ರವಾಯಿತು, ರೈಲು ನಿಂತು ಎಷ್ಟೋ ಕಾಲವಾಗಿತ್ತು, ನಲವತ್ತೇಳು ವರ್ಷದ ರಸ್ಮಾ ಹಡಗು ಹತ್ತಿದಳು, ಗೋಟ್ಲಾಂಡಿನ ವಿಸ್‌ಬಿಯಲ್ಲಿ ನಾಲ್ಕು ದಿನ, ಫ್ರಿಟ್ಸಿಸ್ ಅನ್ನುವವರು ಇದ್ದಾರಾ, ಮೊದಲು ಮೀನು ಹಿಡಿಯುತ್ತಿದ್ದರು, ಈಗ ಮುದುಕರಾಗಿರಬೇಕು, ಒಬ್ಬ ಹೆಂಗಸು ಬಾಗಿಲು ತೆಗೆದು ಪಾಪ ಅನಿಸಿ ಒಳಗೆ ಕೂರಿಸಿ ಕೇಕ್ ಕೊಟ್ಟಳು, ರಸ್ಮಾ ಅಲ್ಲೇ ಅತ್ತಳು, ಕೊನೆಯ ದಿನ ಬಂದರಿನಲ್ಲಿ ನಿಂತು ಸಮುದ್ರಕ್ಕೆ ಉಗಿದು ಬಂದಳು. ಹೊರಡುವ ಮುಂಜಾನೆ ಬ್ರೆಡ್ಡು ಚೀಸು ಕಟ್ಟಿಕೊಟ್ಟವಳು ಅಮ್ಮನೇ, ಬಾಗಿಲವರೆಗೆ ಬಂದು, ಸಿಕ್ಕರೆ ನನ್ನದೂ ಒಂದು ಬೈಗುಳ ಸೇರಿಸು ಅಂದವಳು, ಬಿಟ್ಟಳು, ಸತ್ತವನನ್ನು ಹುಡುಕಲು ಮಗಳನ್ನು ಸಮುದ್ರ ದಾಟಿಸಿದಳು, ಬಾಯಿ ಬಿಡಲಿಲ್ಲ, ಇದೆಂಥ ಹೆಂಗಸು, ಅಥವಾ ಅಷ್ಟು ವರ್ಷ ಹೇಳಿ ಹೇಳಿ ಅವಳಿಗೂ ಅವನು ಅಲ್ಲೇ ಇದ್ದನಾ, ಹೆರಿಂಗ್ ತಿನ್ನುತ್ತ, ಬದುಕಿ — ಮತ್ತೆ ಆವತ್ತು, ಹೌದು, ಆವತ್ತು ಬ್ಯಾಗಿನ ಜಿಪ್ಪು ಎಳೆಯುತ್ತ ರಸ್ಮಾ ಕೇಳಿದ್ದಳು, ಎಷ್ಟೇ ಆಗಲಿ ಅಪ್ಪ, ಒಂದು ಜೊತೆ ಕೈಗವಸು ಕೊಡಮ್ಮ ಒಯ್ಯುತ್ತೀನಿ, ಅಮ್ಮ ಒಲೆಯ ಕಡೆ ತಿರುಗಿ, ಅವನದು ಅವನಿಗೆ ಕೊಟ್ಟಾಗಿದೆ.

ಕೊಟ್ಟಾಗಿದೆ. ದೀಪ ಹೊತ್ತಿತು, ಶನಿವಾರ ಹನ್ನೊಂದಕ್ಕೆ ಊರ ಸ್ಮಶಾನದಲ್ಲಿ ಗೌರವದಿಂದ ಮಣ್ಣು ಮಾಡುತ್ತೇವೆ, ಹೆಸರಿಲ್ಲದವನು ಅಂತಲೇ, ಈ ನಮೂನೆ ಗುರುತಿಸುವವರು ಯಾರಾದರೂ ಇದ್ದರೆ ದಯವಿಟ್ಟು, ಅಂದಳು ದಗ್ನಿಯಾ, ಇನ್ನು ಎರಡು ನಿಮಿಷಕ್ಕೆ ಆ ನಲವತ್ತು ಬೆನ್ನುಗಳೂ ಎದ್ದು ಕಾಫಿಗೆ ಈ ಹಲಗೆಯ ಮುಂದೆಯೇ ಹಾಯಬೇಕು, ಏಳನೆಯ ಜೊತೆಯ ಮುಂದೆ ಒಬ್ಬಳು ನಿಂತರೆ ಸಾಕು, ಚೀಟಿ ಓದಿ, ಸಂಜೆಯೊಳಗೆ ಕ್ಯಾಮೆರಾ ಹಿಡಿದು ಅಮ್ಮನ ಬಾಗಿಲಿಗೆ ಹೋಗುತ್ತಾರೆ, ಎಂಬತ್ತೊಂದು ವರ್ಷದ ಮುದುಕಿಯ ಬಾಯಿಂದ ಅವಳ ಸುಳ್ಳನ್ನು ಕಿತ್ತುಕೊಳ್ಳುತ್ತಾರೆ. ಎದ್ದು ಹೇಳಬೇಕು, ಅದು ನಮ್ಮಪ್ಪ, ಆದರೆ ಅಪ್ಪ ಅನ್ನುವ ಮಾತನ್ನು ಉಗಿಯದೆ ಆಡಿ ಅಭ್ಯಾಸವೇ ಇಲ್ಲ. ಬೆರಳುಗಳೇ ಸೂಜಿ ಕಿತ್ತವು, ಒಂದು, ಎರಡು, ಮೂರು, ಎರಡೂ ಕೈಗವಸು, ಚೀಟಿ, ಕೈಚೀಲದೊಳಕ್ಕೆ, ಇಪ್ಪತ್ತೆರಡು ವರ್ಷದಲ್ಲಿ ಮ್ಯೂಸಿಯಂನ ಒಂದು ದಾರ ಮನೆಗೆ ಒಯ್ದವಳಲ್ಲ. ಟ್ರೇ ಹಿಡಿದು ಬಂದ ಮೈಗಾ ಹುಬ್ಬೇರಿಸಿದಳು, ಏನೇ ರಸ್ಮಾ, ಏಳನೇದು ಎಲ್ಲಿ, ಹಲ್ಲು ಬಿದ್ದ ಬಾಯಿ ಥರ ಕಾಣ್ತಿದೆ? ಹುಳ ಹಿಡಿದಿದೆ, ತೆಗೆದೆ, ಅಂದಳು ರಸ್ಮಾ, ಎಷ್ಟು ಸಲೀಸಾಗಿ ಬಂತು, ನಗುತ್ತಲೇ, ಬೇಲಿಯ ಹತ್ತಿರ ನಿಂತ ಅಮ್ಮನ ದನಿಯಲ್ಲೇ. ಬೆರಳಲ್ಲಿ ರಕ್ತ ಬರ್ತಿದೆ, ಅದನ್ನಾದರೂ ನೋಡಿಕೋ ಮಾರಾಯ್ತಿ. ನೋಡ್ಕೋತೀನಿ. ಶನಿವಾರ ಗುಂಡಿ ತೋಡುವವರು ಬೇರೆಯವರು, ಅವರಿಗೆ ಮನೆಯವರು ಕೊಡಬೇಕು, ಕೊಡುವ ಕೈ ಯಾರದೋ ಸತ್ತವನು ಅವರವನು, ಅಷ್ಟು ಇಡೀ ಊರಿಗೆ ಗೊತ್ತು, ಬಾಯಿ ಬೇಕಿಲ್ಲ. ಅಮ್ಮನನ್ನು ಏನೂ ಕೇಳುವುದಿಲ್ಲ. ಕಪ್ಪು ಕೋಟು ಹಾಕಿಸಿ ಕರೆದುಕೊಂಡು ಹೋಗಿ ಗುಂಡಿಯ ಅಂಚಿನಲ್ಲಿ ಈ ಜೊತೆಯನ್ನು ಅವಳ ಕೈಗೆ ಕೊಡುವುದು, ಕೊಟ್ಟರೆ ಕೊಡಲಿ, ಕೊಡದಿದ್ದರೆ ತಾನು ಕೊಡುವುದು, ಯಾರಿಗೂ ಹೇಳುವುದು ಬೇಡ, ದಗ್ನಿಯಾಗೂ ಬೇಡ, ಮೈಗಾಗೂ ಬೇಡ, ಚೀಲದೊಳಗೆ ಕೈ ಹಾಕಿದಳು, ಉಣ್ಣೆ ಬೆಚ್ಚಗಿತ್ತು, ಆತುರದಲ್ಲಿ ತುರುಕಿದ್ದು, ಕಣ್ಣಿಗೆ ಕಾಣದೆ ಬೆರಳುಗಳು ಹುಡುಕಿದವು, ಎಡಗೈಯದು, ಬಲಗೈಯದು, ಒಂದರ ಮೇಲೊಂದು, ಹೆಬ್ಬೆರಳು ಒಳಕ್ಕೆ —