ಮೂರೂ ಒಟ್ಟಿಗೆ

ಆಟದ ರೈಲುಗಳ ಮೇಜನ್ನು ಒಯ್ಯಲು ಸಂಜೆ ಅವನ ಕ್ಲಬ್ಬಿನವರು ಬರುವವರಿದ್ದರು. ನನ್ನ ಗಂಡ ತೀರಿಹೋಗಿ ಐದು ತಿಂಗಳು. ಮೇಜಿನ ಮೇಲೆ ಒಂದರೊಳಗೊಂದು ಮೂರು ಸುತ್ತು ಹಳಿ, ಸುತ್ತಿಗೊಂದು ಎಂಜಿನ್ನು. "ಮೂರೂ ಒಟ್ಟಿಗೆ ಓಡಿಸ್ತೀನಿ ಕಣೇ, ದೊಡ್ಡ ಟ್ರಾನ್ಸ್‌ಫಾರ್ಮರ್ ಬರಲಿ" ಎನ್ನುತ್ತಿದ್ದ. ಬರಲೇ ಇಲ್ಲ. ಇದ್ದದ್ದು ಎರಡನ್ನಷ್ಟೇ ತಾಳುತ್ತಿತ್ತು. ಮೂರನೆಯದನ್ನು ಹಳಿಗಿಟ್ಟರೆ ಟಕ್ಕೆಂದು ತಾನೇ ಆರಿಹೋಗುತ್ತಿತ್ತು.

ಒಯ್ಯುವ ಮೊದಲು ಒಮ್ಮೆ ಮೂರನ್ನೂ ನೋಡಬೇಕೆನಿಸಿತು. ಏನಾದರೂ ಬೇಕೆನಿಸಿ ಬಹಳ ದಿನವಾಗಿತ್ತು. ಟ್ರಾನ್ಸ್‌ಫಾರ್ಮರನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋದೆ.

"ಒಂದೊಂದು ಎಂಜಿನ್ನು ಎಷ್ಟು ಎಳೆಯುತ್ತಮ್ಮಾ?" ಎಂದ ಅಂಗಡಿಯವನು.

"ನಾಲ್ಕು ಬೋಗಿ."

"ಬೋಗಿ ಅಲ್ಲಮ್ಮಾ, ಕರೆಂಟು!"

ಎಂ.ಎ. ಓದಿದವಳು ಪೆಚ್ಚಾದೆ. ಟ್ರಾನ್ಸ್‌ಫಾರ್ಮರಿಗೆ ಗಂಡ ರಬ್ಬರ್ ಬ್ಯಾಂಡ್ ಹಾಕಿ ಸಿಕ್ಕಿಸಿದ್ದ ಚೀಟಿಯನ್ನು ತೆಗೆದುಕೊಟ್ಟೆ. ಮೂರು ಎಂಜಿನ್ನುಗಳ ಮುಂದೆಯೂ ಪಾಯಿಂಟ್ ಆರು ಆಂಪ್ ಎಂದಿತ್ತು.

"ಪಕ್ಕಾ ಮನುಷ್ಯ. ಮೂರಕ್ಕೆ ಒಂದು ಪಾಯಿಂಟ್ ಎಂಟು. ಹನ್ನೆರಡು ವೋಲ್ಟಿಂದ ಗುಣಿಸಿದ್ರೆ ಇಪ್ಪತ್ತೊಂದು ಚಿಲ್ಲರೆ ವಿ.ಎ. ಶಕ್ತಿ ಬೇಕು. ನಿಮ್ಮದು ಬರೀ ಹದಿನೆಂಟರದ್ದು. ಮೂವತ್ತರದ್ದು ತಗೊಳ್ಳಿ, ಧಾರಾಳ."

"ಇನ್ನೂ ದೊಡ್ಡದು?"

"ನೂರರದ್ದಿದೆ. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಯಾಕಮ್ಮಾ?"

"ಅದನ್ನೇ ಕೊಡಿ." ಕಡಿಮೆ ಬಿದ್ದದ್ದು ಸಾಕಾಗಿತ್ತು ನನಗೆ.

ಮನೆಯಲ್ಲಿ ಅತ್ತೆ ಕುರ್ಚಿ ಎಳೆದುಕೊಂಡು ಕೂತರು. "ಮೀಸೆ ಬಂದ್ಮೇಲೂ ಆಟದ ಸಾಮಾನು ಬಿಡಲಿಲ್ಲ ನನ್ನ ಮಗ. ಈಗ ನಿನಗೂ ಹಿಡೀತಾ?"

ಮೂರೂ ಓಡಿದವು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಹೊರಸುತ್ತಿನಲ್ಲಿ ಕೆಂಪು, ನಡುವೆ ಹಸಿರು. ಒಳಸುತ್ತಿನ ಹಳೆಯ ಕರಿ ಎಂಜಿನ್ನನ್ನು ಅವನು 'ಅಜ್ಜ' ಎನ್ನುತ್ತಿದ್ದ, ಚಿಕ್ಕಂದಿನಿಂದ ಜೊತೆಗಿದ್ದದ್ದು. ಅಜ್ಜ ಸುರಂಗದೊಳಗೆ ಹೋದ. ನಾನು ಕೆಂಪನ್ನೇ ನೋಡುತ್ತಿದ್ದೆ.

"ಏನೋ ಸೀದ ವಾಸನೆ. ಒಲೆ ಮೇಲೆ ಏನಿಟ್ಟಿದ್ದೀಯೇ?" ಎಂದರು ಅತ್ತೆ.

ಅಡುಗೆಮನೆಗೆ ಹೋಗಿ ನೋಡಿದೆ. ಏನೂ ಇರಲಿಲ್ಲ. ವಾಪಸು ಬಂದಾಗ ಸುರಂಗದ ಬಾಯಿಂದ ಹೊಗೆ ಏಳುತ್ತಿತ್ತು.

ಸ್ವಿಚ್ ಆರಿಸಿ ರಟ್ಟಿನ ಗುಡ್ಡವನ್ನು ಎತ್ತಿದೆ. ಅಜ್ಜನ ಚಕ್ರ ಹಳಿಯ ಸಂದಿಗೆ ಸಿಕ್ಕಿಕೊಂಡಿತ್ತು. ಮುಟ್ಟಿದರೆ ಬೆರಳು ಸುಟ್ಟಿತು. ಹೊಟ್ಟೆಯೊಳಗಿನ ಮೋಟರು ಕರಕಲಾಗಿತ್ತು.

ಸಂಜೆ ಬಂದ ಕ್ಲಬ್ಬಿನ ಹಿರಿಯರು ಅದನ್ನು ಕೈಗೆತ್ತಿಕೊಂಡು ಮೂಸಿದರು. "ಸಿಕ್ಕಿಕೊಂಡ ಎಂಜಿನ್ನು ಇನ್ನೂ ಜಾಸ್ತಿ ಎಳೆಯುತ್ತಮ್ಮಾ. ಚಿಕ್ಕ ಟ್ರಾನ್ಸ್‌ಫಾರ್ಮರ್ ಆದ್ರೆ ತಾನೇ ಆರಿ ಕಾಪಾಡುತ್ತೆ. ದೊಡ್ಡದು ಕೊಡ್ತಾನೇ ಇರುತ್ತೆ."

ಅವರು ಹೋದ ಮೇಲೆ ಚೀಲದಿಂದ ಹಳೆಯ ಟ್ರಾನ್ಸ್‌ಫಾರ್ಮರನ್ನು ತೆಗೆದೆ. ಚೀಟಿಯನ್ನು ಮತ್ತೆ ಸಿಕ್ಕಿಸಹೋದಾಗ ಅದರ ಹಿಂಬದಿಯಲ್ಲೂ ಅವನ ಅಕ್ಷರ ಕಂಡಿತು.

'ಅಜ್ಜ ಸುರಂಗದಲ್ಲಿ ಸಿಕ್ಕಿಕೊಳ್ತಾನೆ. ದೊಡ್ಡದು ಬೇಡ. ಇವಳಿಗೆ ಹೇಳಬೇಕು.'

"ಏನು ಬರೆದಿದ್ದಾನೆ?" ಎಂದರು ಅತ್ತೆ.

"ಲೆಕ್ಕ, ಅತ್ತೆ" ಎಂದೆ.